ಹಗ್ಗದ ಮೇಲಿನ ಆರು ವಸ್ತ್ರ

ಗೋಕುಲ ರಸ್ತೆ, ಹುಬ್ಬಳ್ಳಿ
೧೭ ನವೆಂಬರ್ ೨೦೦೪

ಪ್ರೀತಿಯ ಜಯಾ,

ನೀನು ಕಳಿಸಿದ ವೈದ್ಯಕೀಯ ಲೇಖನದ ಝೆರಾಕ್ಸ್ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲ, ಬೈಯಬೇಡ. ನರ್ಸ್ ಆದ ನೀನೇ ಓದು ಅಂದಿದ್ದರಿಂದ ಡಿಕ್ಷನರಿ ಇಟ್ಟುಕೊಂಡು ಓದಿದೆ. ಜೊಲ್ಲು ನಿಲ್ಲಿಸಲು ದವಡೆಯ ಕೆಳಗೆ ವಿಷದ ಸೂಜಿಯಂತೆ! ಪರೀಕ್ಷೆ ಮಾಡಿದ್ದು ಬೆರಳೆಣಿಕೆಯ ಮಕ್ಕಳ ಮೇಲೆ. ಅವರಲ್ಲಿ ಅರ್ಧ ಮಕ್ಕಳಿಗೆ ಚುಚ್ಚಿದ್ದು ಬರೀ ಉಪ್ಪುನೀರು. ಅವರ ತಾಯಂದಿರಲ್ಲೂ ಕೆಲವರು ‘ಕಡಿಮೆಯಾಗಿದೆ’ ಅಂದರಂತೆ. ಇದನ್ನು ನಂಬುವುದು ಹೇಗೆ? ಇಲ್ಲಿನ ಡಾಕ್ಟರ ಜೇಬಿನಲ್ಲಿ ಔಷಧ ಕಂಪನಿಯ ಪೆನ್ನು ನೋಡಿದ ಮೇಲಂತೂ ನನ್ನ ಅನುಮಾನ ದುಪ್ಪಟ್ಟಾಯಿತು.

ಆದರೂ ನೀಲಾಗೆ ಹನ್ನೆರಡು ತುಂಬಿತು, ಜೊಲ್ಲಿನಿಂದ ಮಗಳ ಎದೆ ಸದಾ ಒದ್ದೆ. ಚುಚ್ಚಿಸಿದೆವು. “ದಿನಕ್ಕ ಎಷ್ಟು ವಸ್ತ್ರ ತೋಯ್ತಾವ, ಬರದಿಡ್ರಿ” ಅಂದರು ಡಾಕ್ಟರು. ನಾನು ಗರಗದವಳು, ಮಗ್ಗದ ಮನೆಯಲ್ಲಿ ಎಳೆ ಎಣಿಸಿ ಬೆಳೆದವಳು. ಬಾಯಿ ಒರೆಸಲು ತವರಿನ ಖಾದಿಯಲ್ಲಿ ಇಪ್ಪತ್ತು ವಸ್ತ್ರ ಹೊಲಿದಿಟ್ಟಿದ್ದೇನೆ. ಸಂಜೆ ಒಗೆದು ಹಗ್ಗಕ್ಕೆ ಹಾಕಿ ಎಣಿಸುತ್ತಿದ್ದೆ. ಮೂರು ವಾರವೂ ದಿನಕ್ಕೆ ಹದಿನಾಲ್ಕು. ಮೊನ್ನೆ ಸೋಮವಾರ ನೀಲಾಳನ್ನೂ ಕರೆದುಕೊಂಡು ಹೋಗಿ ಡಾಕ್ಟರಿಗೆ ಹಾಗೇ ಹೇಳಿ ಬಂದೆ. ಮಂಗಳವಾರ ಹಗ್ಗದ ಮೇಲೆ ಆರೇ ಆರು!

ಫೋನ್ ಮಾಡಿದರೆ ಡಾಕ್ಟರು, “ಹಿಡೀತ ನೋಡ್ರಿ ಔಷಧ! ಮುಂದಿನ ಸಲಾನೂ ಇದನ್ನ ಕೊಡೂಣು” ಎಂದು ಹಿಗ್ಗಿದರು. ಮೂರು ವಾರ ಮಲಗಿದ್ದ ಔಷಧ ಒಂದೇ ದಿನಕ್ಕೆ ಎದ್ದಿತೇ? ಬೀರು ತೆಗೆದೆ. ಅಲ್ಲಿ ಒಣಗಿದ್ದು ಆರು, ಹಗ್ಗದ ಮೇಲೆ ಆರು. ಇಪ್ಪತ್ತರಲ್ಲಿ ಉಳಿದ ಎಂಟು ಎಲ್ಲಿ? ಅತ್ತೆಯನ್ನೇ ಕೇಳಿಬಿಟ್ಟೆ.

“ನಾ ಯಾಕ ಮುಚ್ಚಿಡ್ಲೆ? ಎಲ್ಲಾರ ಮ್ಯಾಲೂ ನಿಂದ ಸಂಶೆ!” ಎಂದು ದಾನವ್ವತ್ತೆ ಸಿಡಿದರು.

ಎಂಟೂ ನೀಲಾಳ ಹಾಸಿಗೆಯ ಕೆಳಗಿದ್ದವು. ಆಡುವ ಒಂದೇ ಕೈಯಲ್ಲಿ ಮುದ್ದೆ ಮಾಡಿ ಗೋಡೆಯ ಸಂದಿಗೆ ತುರುಕಿದ್ದಳು. ಇನ್ನೂ ಹಸಿ.

ನಾಳೆ ಹೋಗಿ ಡಾಕ್ಟರಿಗೆ ಖರೇ ಎಣಿಕೆ ಹೇಳುತ್ತೇನೆ. ಇನ್ನೊಂದು ಸೂಜಿ ಬೇಡ. ನಿನ್ನ ಪುಟ್ಟಿಯ ನೆಗಡಿ ಹೋಯಿತೇ? ನೂರು ವರ್ಷ ನಕ್ಕೋತ ಇರಲಿ ಕೂಸು.

ನಿನ್ನ,
ಸುಕನ್ಯಾ

ತಾ.ಕ.: ಸೋಮವಾರ ಡಾಕ್ಟರಿಗೆ ಇನ್ನೊಂದು ಮಾತು ಅಂದಿದ್ದೆ, ಮೇಲೆ ಬರೆಯಲು ಕೈ ಬರಲಿಲ್ಲ. “ಇದು ನಿಲ್ಲದಿದ್ರ ಈಕೀನ್ನ ಕಾಕಾನ ಮದವಿಗೆ ಕರ್ಕೊಂಡು ಹೋಗೂದಿಲ್ರಿ, ಮಂದ್ಯಾಗ ನಾಚಿಕಿ ಆಕ್ಕೈತಿ.” ನೀಲಾ ಪಕ್ಕದಲ್ಲೇ ಕೂತಿದ್ದಳು. ಮಾತು ಬಾರದವಳಿಗೆ ಕಿವಿಯೂ ಇಲ್ಲ ಅನ್ನುವ ಹಾಗೆ ಅಂದೆ, ಜಯಾ. ಮದುವೆಗೆ ಕರೆದೊಯ್ಯುತ್ತೇನೆ ಎಂದು ನಿನ್ನೆಯಿಂದ ಹತ್ತು ಸಲ ಹೇಳಿದೆ. ನಂಬುತ್ತಿಲ್ಲ. ಜೊಲ್ಲು ಕಾಣದಂತೆ ಬಾಯಿಗೆ ಒತ್ತಿದ ಕೈ ಇನ್ನೂ ತೆಗೆದಿಲ್ಲ.