ಬುಕ್ಕಾಂಬುಧಿ ಕೋಡಿಯ ಏಡಿಗಳು

ಬೀರೂರು
ನವೆಂಬರ್ 10, 2024

ಶಶಿ,

ಇದನ್ನು ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ. ಎರಡು ಸಲವೂ ನಿನ್ನ ಅಮ್ಮನ ಮಂಡಿನೋವಿನ ಮಾತು ತೆಗೆದು ಫೋನ್ ಇಟ್ಟುಬಿಟ್ಟೆ. ಆದ್ದರಿಂದ ಈ ಕಾಗದ. ಮೊದಲೇ ಹೇಳಿಬಿಡುತ್ತೇನೆ: ನಯನತೆಲ್ಫೂಸ ಏಡಿಗಳ ಹೊಸ ಕುಲವಲ್ಲ. ನಮ್ಮ ಮಗಳು ನಯನಳ ಹೆಸರಿಟ್ಟು ನೀನು ಪ್ರಕಟಿಸಿದ ಆ ಏಡಿಗಳು, ಈ ಕಡೆಯ ಎಲ್ಲ ಗದ್ದೆಗಳಲ್ಲೂ ಇರುವ ಕಪ್ಪು ಏಡಿಯ ಮರಿಗಳು.

ತಪ್ಪು ಹುಡುಕಲೆಂದು ನಾನು ಹೋಗಲಿಲ್ಲ. ಹೋದ ವರ್ಷದ ಮಳೆಗಾಲದಲ್ಲಿ ಬುಕ್ಕಾಂಬುಧಿ ಕೆರೆಗೆ ಹೋಗಿದ್ದು ಅವಳ ಏಡಿಯನ್ನು ಜೀವಂತವಾಗಿ ಒಮ್ಮೆ ನೋಡಬೇಕೆಂದು. ನಿನ್ನ ಹತ್ತಿರ ಇದ್ದವು ಸ್ಪಿರಿಟ್‌ನಲ್ಲಿ ಬಣ್ಣ ಕಳೆದುಕೊಂಡ ಮೂರು ಮಾತ್ರ. ಕೋಡಿಯ ಕೆಳಗೆ, ಅವಳು ಚಪ್ಪಲಿ ಬಿಟ್ಟು ಇಳಿದಿದ್ದ ಕಾಲುವೆಯಲ್ಲೇ, ಸಂಜೆಯವರೆಗೆ ಕಲ್ಲು ಮಗುಚಿದೆ. ಒಂದೂ ಸಿಗಲಿಲ್ಲ. ಅಲ್ಲೇ ಏಡಿ ಹಿಡಿಯುತ್ತಿದ್ದ ಹುಲಿಗೆಮ್ಮ ಎಂಬಾಕೆ ನನ್ನನ್ನು ನೋಡಿ ಕನಿಕರಪಟ್ಟು, ಹೊಟ್ಟೆಯಡಿಯ ಮಡಿಕೆಯಲ್ಲಿ ಮರಿ ತುಂಬಿಕೊಂಡಿದ್ದ ಒಂದು ಕಪ್ಪು ಏಡಿಯನ್ನು ಕೊಟ್ಟಳು. ಮರಿ ಹೊತ್ತದ್ದನ್ನು ಅವರ ಮನೆಯಲ್ಲಿ ಸಾರಿಗೆ ಹಾಕುವುದಿಲ್ಲವಂತೆ. ಬರಿಗೈಲಿ ಬಸ್ಸು ಹತ್ತುವುದಕ್ಕೆ ಮನಸ್ಸಾಗದೆ ತಂದೆ.

ಹಿತ್ತಲಲ್ಲಿ ಸಿಮೆಂಟ್ ತೊಟ್ಟಿ ಇದೆ. ಮಣ್ಣು, ಕಲ್ಲು ಹಾಕಿ ಬಿಟ್ಟೆ. ಮರಿಗಳು ತಾಯಿಯಿಂದ ಉದುರಿ ಬೇರೆಯಾದವು. ನಾನು ಅನ್ನದ ಅಗುಳು, ಎರೆಹುಳು ಹಾಕುತ್ತಾ ಹೋದೆ. ಹುಲಿಗೆಮ್ಮ ಬೀರೂರು ಸಂತೆಗೆ ಬಂದವಳು ಒಮ್ಮೆ ಇಣುಕಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲ ಕಣವ್ವಾ, ನಾವು ಸಾರು ಮಾಡ್ಕಂಡು ಉಣ್ತೀವಿ, ನೀನು ನೋಡಿದ್ರೆ ಏಡಿಗೆ ಬಾಣಂತನ ಮಾಡ್ತಾ ಕುಂತಿದೀಯ ಅಂದಳು. ನಾನೂ ನಕ್ಕೆ. ಬಹಳ ದಿನಗಳ ಮೇಲೆ.

ಬೇಸಿಗೆಯಲ್ಲಿ ಒಂದು ಮರಿಯನ್ನು ಲೆನ್ಸಿನ ಕೆಳಗೆ ಇಟ್ಟೆ. ಚಿಪ್ಪಿನ ಅಂಚಿನಲ್ಲಿ ಮೂರು ಚೂಪು ಹಲ್ಲು, ನಡುವೆ ಆ ಸಣ್ಣ ತಗ್ಗು. ನಿನ್ನ ಚಿತ್ರದಲ್ಲಿ ಇದ್ದ ಹಾಗೆಯೇ. ನಂಬುತ್ತೀಯೋ ಇಲ್ಲವೋ, ಮೊದಲು ಸಂತೋಷವಾಯಿತು. ತೊಟ್ಟಿಯ ತುಂಬ ನಯನಳ ಏಡಿಗಳೇ ಎಂದುಕೊಂಡು ಲೆನ್ಸು ಕೈಯಲ್ಲಿ ಹಿಡಿದೇ ಅಡುಗೆಮನೆಗೆ ಓಡಿದ್ದೆ. ಯಾರಿಗೆ ಹೇಳಲೆಂದೋ ಗೊತ್ತಿಲ್ಲ. ಅವುಗಳ ತಾಯಿ ಯಾವುದು ಎಂಬುದು ನೆನಪಾದದ್ದು ಅಲ್ಲಿ ನಿಂತ ಮೇಲೆ.

ಮುಂದಿನದು ನಿನಗೆ ಗೊತ್ತಾಗಿರುತ್ತದೆ. ಪ್ರತಿ ಸಲ ಚಿಪ್ಪು ಕಳಚಿದಾಗಲೂ ಹಲ್ಲು ಮೊಂಡಾಗುತ್ತಾ ಬಂದವು, ತಗ್ಗು ಮುಚ್ಚಿತು. ಗಂಡಿನ ಹೊಟ್ಟೆಯಡಿಯ, ಹೆಣ್ಣನ್ನು ಕೂಡಲು ಇರುವ ಮೊದಲ ಜೊತೆ ಕಾಲು ನೆಟ್ಟಗಿದೆ, ಹೀಗಿರುವುದು ಬೇರೆ ಯಾವ ಕುಲದಲ್ಲೂ ಇಲ್ಲ ಎಂದು ನೀನು ಬರೆದಿದ್ದೆ. ಬೆಳೆಯದ ಗಂಡಿನಲ್ಲಿ ಅದು ನೆಟ್ಟಗೇ ಇರುತ್ತದೆ. ಈ ಮಳೆಗಾಲದಲ್ಲಿ ನನ್ನವು ದೊಡ್ಡವಾದವು, ಅದು ಬಾಗಿತು. ಈಗ ಅವು ಬರೀ ಗದ್ದೆ ಏಡಿಗಳು.

ಹೊಸದು ಅನ್ನುವ ಮೊದಲು, ಇದು ಮರಿ ಇರಬಹುದೇ ಎಂದು ಕೇಳಿಕೊಳ್ಳಿ. ಇದು ನೀನು ವಿದ್ಯಾರ್ಥಿಗಳಿಗೆ ಕಲಿಸುವ ಮೊದಲ ಪಾಠ. ಆ ಮೂರನ್ನು ಹಿಡಿದವಳು ಯಾರು ಎಂಬುದನ್ನು ನಾವಿಬ್ಬರೂ ಯೋಚಿಸಬೇಕಿತ್ತು. ಏಳು ವರ್ಷದ ಹುಡುಗಿಯ ಕೈಗೆ ಸಿಗುವುದು ಮರಿಗಳೇ. ಅವಳು ಜ್ವರದಲ್ಲಿ ಹೋದ ಮೇಲೆ ಆ ಮೂರಿದ್ದ ಬಾಟಲಿಯ ಮುಂದೆ ನೀನು ಎಷ್ಟು ತಿಂಗಳು ಕೂತಿದ್ದೆ ಎಂಬುದು ನನಗೆ ಗೊತ್ತು. ಅದರಲ್ಲಿ ಹೊಸದೇನಾದರೂ ಕಾಣಲೇಬೇಕಿತ್ತು ನಿನಗೆ. ನಿನ್ನ ಮೇಲೆ ಈಗ ಸಿಟ್ಟಿಲ್ಲ. ಹೆಸರಿಡುವ ಮೊದಲು ನನ್ನನ್ನು ಒಂದು ಮಾತು ಕೇಳಲಿಲ್ಲವೆಂಬ ಸಿಟ್ಟು ಇತ್ತು. ಬೀರೂರು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ವರ್ಗ ಮಾಡಿಸಿಕೊಂಡದ್ದೂ ಅದೇ ಸಿಟ್ಟಿನಲ್ಲಿ. ಅಚ್ಚಾದ ಹೆಸರನ್ನು ಇಲ್ಲಿಗೆ ಬಂದ ಮೇಲೆ ಎಷ್ಟು ಸಲ ಓದಿಕೊಂಡೆ ಎಂಬುದನ್ನು ಮಾತ್ರ ನಿನಗೆ ತಿಳಿಸಲಿಲ್ಲ.

ಅತ್ತೆಗೆ ಹೇಳಿಲ್ಲ. ಮೊದಲು ಅವರು, ಅಂಥ ಚಂದದ ಮಗಿನ ಹೆಸರ ಏಡಿಗಾ ಇಡಾದು, ಒಂದು ಹೂವು ಸಿಗಲಿಲ್ವಾ ನಿನ್ ಗಂಡಂಗೆ ಎಂದು ಬೈದಿದ್ದರಲ್ಲ. ಈಗ ಆ ಹೆಸರು ಅಚ್ಚಾದ ಪುಟಕ್ಕೆ ಕಟ್ಟು ಹಾಕಿಸಿ ಯಗಟಿಯ ಮನೆಯ ಗೋಡೆಗೆ ಹಾಕಿದ್ದಾರೆ. ಮೊನ್ನೆ ನಾನು ಹೋಗಿದ್ದಾಗ ಕುರಿ ಕಾಯುವ ಕಲ್ಲಪ್ಪನನ್ನು ಕರೆದು ತೋರಿಸುತ್ತಿದ್ದರು. ಭೂಮಿ ಮ್ಯಾಲೆ ಏಡಿ ಇರಾಗಂಟ ನಮ್ಮ ಮಗಿನ ಹೆಸರು ಇರ್ತದೆ ಕಣೋ ಅಂದರು. ಹಂಗಾರೆ ಇನ್ಮ್ಯಾಲೆ ನಾನು ಏಡಿ ಉಣ್ಣಂಗಿಲ್ಲ ಬಿಡವ್ವ ಅಂದ ಅವನು. ನಿಜವಾಗಿಯೇ ಬಿಟ್ಟಿದ್ದಾನಂತೆ.

ಸುಮ್ಮನಿದ್ದುಬಿಡೋಣವೇ ಎಂದು ನೀನು ಕೇಳುವುದಿಲ್ಲ. ನಾನೇ ನನ್ನನ್ನು ಕೇಳಿಕೊಂಡಿದ್ದೇನೆ. ಇಂದಲ್ಲ ನಾಳೆ ಯಾರಾದರೂ ಮರಿ ಸಾಕುತ್ತಾರೆ. ಅವಳನ್ನು ನೋಡಿಯೇ ಇರದ ಒಬ್ಬರು ಎರಡು ಸಾಲಿನಲ್ಲಿ ಆ ಹೆಸರನ್ನು ಕೆಳಗಿಳಿಸುತ್ತಾರೆ. ಅದನ್ನು ನಾನು ತಡೆದುಕೊಳ್ಳಲಾರೆ. ಇಳಿಸುವುದಾದರೆ ನಾವಿಬ್ಬರೇ ಇಳಿಸೋಣ. ಹೆಸರು ಅಳಿಸಿಹೋಗುವುದಿಲ್ಲ, ಕಪ್ಪು ಏಡಿಯ ಹಳೆಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಉಳಿಯುತ್ತದೆ, ಬೇರೆ ಯಾವ ಪ್ರಾಣಿಗೂ ಅದನ್ನು ಇಡುವಂತಿಲ್ಲ. ಇದನ್ನು ಸಮಾಧಾನಕ್ಕೆಂದು ಬರೆಯುತ್ತಿಲ್ಲ. ನಿಯಮ ಹಾಗಿದೆ, ನಿನಗೆ ಗೊತ್ತಿರುವುದೇ.

ತಿದ್ದುಪಡಿಯ ಕರಡು ಸಿದ್ಧವಾಗಿದೆ. ನಿನ್ನ ಹೆಸರನ್ನು ಮೊದಲು ಹಾಕಿದ್ದೇನೆ. ಡಿಸೆಂಬರ್‌ನಲ್ಲಿ ಕಳಿಸೋಣವೆಂದಿದ್ದೇನೆ. ಒಪ್ಪಿಗೆ ಇದ್ದರೆ ಒಂದು ಸಾಲು ಬರೆ.

ಊಟ ಸರಿಯಾಗಿ ಮಾಡು.

ಮಾಲಿನಿ

ಮರುದಿನ ಬೆಳಿಗ್ಗೆ: ಕರಡು ಸಿದ್ಧವಾಗಿದೆ ಎಂದದ್ದು ಪೂರ್ತಿ ನಿಜವಲ್ಲ. ಪುರಾವೆ ಇಲ್ಲದೆ ಯಾರೂ ಅಚ್ಚು ಹಾಕುವುದಿಲ್ಲ. ಕಳಚಿದ ಚಿಪ್ಪುಗಳನ್ನು ಅವೇ ತಿಂದುಬಿಟ್ಟಿವೆ. ಬೆಳೆದವನ್ನೇ ಸ್ಪಿರಿಟ್‌ಗೆ ಹಾಕಿ ಸಂಖ್ಯೆ ಕೊಡಬೇಕು. ಎಷ್ಟೋ ಏಡಿಗಳಿಗೆ ಹಾಗೆ ಮಾಡಿದ ಕೈ ಇದು. ಜಾಡಿಗೆ ಸ್ಪಿರಿಟ್ ತುಂಬಿಸಿ ತೊಟ್ಟಿಯ ಕಟ್ಟೆಯ ಮೇಲೆ ಇಟ್ಟು ವಾರವಾಯಿತು. ಇವು ಬೆಳೆದುಬಿಟ್ಟಿವೆ, ಶಶಿ. ನನ್ನ ಕೈಲಿ ಆಗುವುದಿಲ್ಲ. ನೀನೇ ಬಾ.