ಹದಿಮೂರು ಸಂಘ, ಒಂದು ಸಹಿ

೯ ಫೆಬ್ರುವರಿ ೧೯೭೮, ಕೊಲ್ಹಾಪುರ

ಇವತ್ತು ಇಡೀ ಜಗತ್ತಿನ ಸಹಕಾರ ಚಳವಳಿಗೆ ದಾರಿ ತೋರಿಸಿದೆ. ವಿಲಾಯತಿಯಿಂದ ಬಂದ ಸಾಹೇಬ ಭಾಷಣ ನಿಲ್ಲಿಸಿ ನನ್ನ ಸಲಹೆ ಕೇಳಿದ. ಇಂಗ್ಲಿಷಿನಲ್ಲೇ ಕೊಟ್ಟೆ. ಆತನ ಕಣ್ಣಲ್ಲಿ ನೀರು!

ಹದಿಮೂರು ಕಂಬಳಿ ನೇಕಾರರ ಸಂಘ ಕೂಡಿ ಒಂದೇ ಮಹಾಸಂಘ. ನಮ್ಮ ಗಡಹಿಂಗ್ಲಜ ಕಡೆಯ ಸಂಘಕ್ಕೆ ನಾನೇ ಪ್ರತಿನಿಧಿ. ಕರಾರು ಏಳು ಪುಟ, ಮರಾಠಿಯಲ್ಲಿ. ಮೊದಲ ಪುಟ ಓದಿ ಸಹಿ ಹಾಕಿದೆ. ಊಟ ಆರುತ್ತಿತ್ತು.

೧೬ ಫೆಬ್ರುವರಿ, ಊರು

ಇನ್ನು ಶೇರು ಹಣ ಕಟ್ಟಬೇಕು. ಯಾರೂ ಕೈ ಬಿಚ್ಚಲಿಲ್ಲ. ಹಿರಿಯ ಸಿದ್ದರಾಯ ಕೆಣಕಿದ— "ನೀ ಎಷ್ಟ ಹಾಕಾಂವಾ, ಮಲ್ಲಾರಿ? ಬರೇ ಮಾತೋ?"

"ಎರಡ ಸಾವಿರ!"

"ಭಂಡಾರ ಹಿಡದ ಹೇಳ."

ಬೀರಪ್ಪ ದೇವರ ಅರಿಶಿನ. ಅದನ್ನು ಮುಷ್ಟಿಯಲ್ಲಿ ಹಿಡಿದು ಆಡಿದ ಮಾತಿಗೆ ನಮ್ಮಲ್ಲಿ ರಸೀದಿ ಕೇಳುವುದಿಲ್ಲ. ಹಿಡಿದೆ. ಹೇಳಿದೆ. ಹಟ್ಟಿಯ ನಾಯಿಗಳು ಯಾಕೋ ಒಮ್ಮೆಲೇ ಸುಮ್ಮನಾದವು.

"ತಮ್ಮ ಹಾಕಾಕತ್ತಾನಂದ್ರ ನಂದೂ ಇರ್ಲಿ" ಎಂದಳು ಅಕ್ಕ ತಾರವ್ವ. ಗಂಡನಿಲ್ಲದವಳು. ಎಂಟು ಕುರಿ ಮಾರುತ್ತಾಳೆ. ಅವಳ ಹಿಂದೆ ಎಲ್ಲರೂ. ಹಣ ಒಯ್ದು ಕಟ್ಟುವ ಕೆಲಸ ನನಗೇ ಬಂತು.

೧೭ ಫೆಬ್ರುವರಿ

ಸೀಗೆಕಾಯಿ ಹಚ್ಚಿ ತೊಳೆದೆ. ಅಂಗೈ ಇನ್ನೂ ಹಳದಿ.

೨೨ ಜೂನ್

ಕೊಲ್ಹಾಪುರದ ಗೋದಾಮಿಗೆ ನಮ್ಮ ಉಣ್ಣೆ ಹೋಗಿ ಮೂರು ತಿಂಗಳು. ದುಡ್ಡಿಲ್ಲ. ನಾಲ್ಕು ಕಾರ್ಡು ಬರೆದೆ. ಉತ್ತರವಿಲ್ಲ... ಊರಲ್ಲಿ ಮಾತ್ರ, "ಚೆಕ್ ಹೊಂಟೈತಿ" ಎಂದಿದ್ದೇನೆ.

೪ ಜುಲೈ, ಇಚಲಕರಂಜಿ

ಇಲ್ಲಿಯ ಸಂಘ ಮಷೀನಿಗೆಂದು ಭಾರಿ ಸಾಲ ಎತ್ತಿ ಮುಳುಗಿದೆ. ಉಳಿದ ಹನ್ನೆರಡೂ ಸಂಘ ಜಾಮೀನು— ಐದನೇ ಪುಟದಲ್ಲಿತ್ತಂತೆ. ಗೋದಾಮಿಗೆ ಸೀಲು. ಶೇರು ಹಣ ಪೂರಾ ಹೋಯಿತು.

ಮಹಾಸಂಘದ ಮ್ಯಾನೇಜರ್ ದಾದಾಸಾಹೇಬ ಕರಾರು ತೆಗೆದು ಬೆರಳಿಟ್ಟ. "ಸಹೀ ತುಮಚೀಚ ನಾ, ಪಾವ್ಹಣೆ?"

ಸಹಿ ನನ್ನದೇ. ದೊಡ್ಡ ಅಕ್ಷರ, ಕೆಳಗೆ ಎರಡು ಗೆರೆ.

೯ ಜುಲೈ, ಊರು

ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಒಬ್ಬರೂ ಬೈಯಲಿಲ್ಲ. ಅದೇ ಹೆದರಿಕೆ.

ಸಿದ್ದರಾಯ ಎದ್ದ. "ನಮ್ಮವು ಸಣ್ಣವು ಹ್ವಾದುವು. ಇಂವಾ ಎರಡ ಸಾವಿರ ಕಳ್ಕೊಂಡಾನ. ಮೊದಲ ಇವನ್ನ ಎತ್ತೂಣ್ರಿ. ಮನಿಗೊಂದ ಕುರಿ."

ತಾರವ್ವನಿಗೆ ಉಳಿದಿದ್ದು ಮೂರು. ಎರಡನ್ನು ತಂದು ನನ್ನ ಅಂಗಳದಲ್ಲಿ ಕಟ್ಟಿದಳು.

"ಬ್ಯಾಡಬೇ ಅಕ್ಕಾ."

"ಸುಮ್ನಿರೋ. ಬಾಯಿ ಒಂದ ದೊಡ್ಡದೈತಿ ನಿಂದು. ಹೊಟ್ಟಿಗೇನ ತಿಂತಿ?"

೧೦ ಜುಲೈ, ಬೆಳಿಗ್ಗೆ ೮

ಅಂಗಳದಲ್ಲಿ ಹದಿನೇಳು ಕುರಿ. ಇನ್ನೂ ಹೊಡೆದುಕೊಂಡು ಬರುತ್ತಿದ್ದಾರೆ. ಬಾಗಿಲು ತೆರೆದಿಲ್ಲ.

ಎರಡು ಸಾವಿರ ಅಲ್ಲ. ಇನ್ನೂರೂ ಅಲ್ಲ. ನಾನು ಹಾಕಿದ್ದು ಒಂದೇ ಶೇರು. ಹೋಗಿದ್ದು ಹತ್ತು ರೂಪಾಯಿ. ಅದೂ ತಾರವ್ವನ ಕೈಯಿಂದಲೇ ಇಸಗೊಂಡು—