ಹೊರಬಾಗಿಲ ಮಾತ್ರೆ

ದುರಾಸ್ನೊ
ಆಗಸ್ಟ್ ೧೪, ಗುರುವಾರ

ಮುದ್ದಿನ ಯಾಮಿಲಾ,

ಹೇಗಿದ್ದೀಯೆ? ಮೊಂತೆವಿದೆಯೊದ ಗಾಳಿಗೆ ನಿನ್ನ ಕೆಮ್ಮು ಇನ್ನೂ ಬಿಟ್ಟಿಲ್ಲವೆಂದು ನಿನ್ನಮ್ಮ ಹೇಳಿದಳು. ಕುತ್ತಿಗೆಗೆ ಉಣ್ಣೆ ಸುತ್ತಿಕೋ, ಓದಿದವರ ಕುತ್ತಿಗೆಗೂ ಚಳಿಯಾಗುತ್ತದೆ. ನಾನು ಚೆನ್ನಾಗಿದ್ದೇನೆ, ಸಿಟ್ಟೊಂದನ್ನು ಬಿಟ್ಟರೆ. ಆ ಸಿಟ್ಟು ನಿನ್ನ ಮೇಲೆಯೇ. ಮೂರು ವಾರದಿಂದ ಅಜ್ಜಿಯ ಫೋನು ಎತ್ತದವಳಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ?

ಮೊದಲು ಆ ಪೆಟ್ಟಿಗೆಯ ವಿಷಯ. ಇಪ್ಪತ್ತೆಂಟು ವರ್ಷ ಕಸಾಯಿಖಾನೆಯಲ್ಲಿ ಕುರಿಯ ಒಳಾಂಗ ತೊಳೆದವಳು ನಾನು. ನಿನ್ನ ಪ್ರಯೋಗಶಾಲೆಗೆ ಬೇಕೆಂದೆಯಲ್ಲ ಎಂದು ಮೇಸ್ತ್ರಿ ವಾಲ್ದೆಮಾರನನ್ನು ಕಾಡಿ ಬೇಡಿ ಹನ್ನೆರಡು ಮೂತ್ರಪಿಂಡ ತಂದೆ. ಅವತ್ತಿನ ಬಸ್ಸು ತಪ್ಪಿತು. ಕೆಡದಿರಲಿ ಎಂದು ಕಲ್ಲಾಗುವಂತೆ ಹೆಪ್ಪುಗಟ್ಟಿಸಿ ಮರುದಿನದ ಬಸ್ಸಿಗೆ ಹಾಕಿದೆ. ಅದಕ್ಕೆ ಉಪಕಾರ ಅನ್ನುವುದು ಬಿಟ್ಟು ನೀನು ಕಿರುಚಿದೆ: “ಅಜ್ಜೀ, ಇದೇನು ಭಾನುವಾರ ಕೆಂಡದ ಮೇಲೆ ಸುಟ್ಟು ತಿನ್ನೋಕೆ ಕಳಿಸಿದ್ಯಾ? ಹೆಪ್ಪುಗಟ್ಟಿದ್ರೆ ಕೋಶಗಳೆಲ್ಲ ಒಡೆದುಹೋಗ್ತವೆ, ಒಳಗಿನ ಕೇಂದ್ರ ಕೈಗೆ ಸಿಗಲ್ಲ!” ನಾನೂ ಸುಮ್ಮನಿರಲಿಲ್ಲ. “ನಮ್ಮ ಕಾಲದಲ್ಲಿ ಈ ಮಾಂಸ ಹಡಗು ಹತ್ತಿ ಸಮುದ್ರ ದಾಟ್ತಿತ್ತು ಕಣೇ. ಕೇಂದ್ರ ಒಡೆದಿದೆ ಅಂತ ಒಬ್ಬ ಗಿರಾಕಿನೂ ವಾಪಸ್ ಕಳಿಸ್ಲಿಲ್ಲ!” ಅಂದೆ. ಈಗಲೂ ಅನ್ನುತ್ತೇನೆ.

ಇನ್ನು ಮಾತ್ರೆಯ ವಿಷಯ. ರಕ್ತದೊತ್ತಡ ಹತೋಟಿಯಲ್ಲಿದೆ, ಆದರೂ ಹೃದಯದ ಗೋಡೆ ದಪ್ಪವಾಗುತ್ತಿದೆ ಎಂದು ಡಾಕ್ಟರಮ್ಮ ಹೇಳಿದಳು. ಎರಡು ವರ್ಷದಿಂದ ದಿನ ತಪ್ಪದೆ ನುಂಗಿದವಳಿಗೆ ಇದೇನು ಅನ್ಯಾಯ ಎಂದು ನಿನ್ನನ್ನು ಕೇಳಿದೆ. ನೀನು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: “ಮೈಯ ಒಂದೊಂದು ಕೋಶನೂ ಒಂದು ಮನೆ ಇದ್ದ ಹಾಗೆ ಅಜ್ಜಿ. ರಕ್ತನಾಳ ಬಿಗಿ ಮಾಡೋ ಹಾರ್ಮೋನು ಬಂದು ಬಾಗಿಲು ತಟ್ಟುತ್ತೆ, ನಿನ್ನ ಮಾತ್ರೆ ಆ ಬಾಗಿಲಲ್ಲಿ ಅಡ್ಡ ನಿಲ್ಲುತ್ತೆ. ಆದ್ರೆ ಅದೇ ಹಾರ್ಮೋನು ಮನೆಯೊಳಗೂ ಹುಟ್ಟುತ್ತೆ. ಬಾಗಿಲ ಕಡೆಗೇ ಬರದೆ ನೇರ ಕೋಶದ ಕೇಂದ್ರಕ್ಕೆ ಹೋಗಿ ‘ಬೆಳಿ, ದಪ್ಪ ಆಗು’ ಅಂತ ಅಪ್ಪಣೆ ಕೊಡುತ್ತೇನೋ. ನಾವು ಕುರಿಯ ಮೂತ್ರಪಿಂಡದಲ್ಲಿ ಹುಡುಕ್ತಿರೋದು ಅದನ್ನೇ. ಮಾತ್ರೆ ಅಲ್ಲಿವರೆಗೆ ಎಷ್ಟು ಮುಟ್ಟುತ್ತೋ ನಮಗಿನ್ನೂ ಗೊತ್ತಿಲ್ಲ.” ಗೊತ್ತಿಲ್ಲವಂತೆ! ಗೊತ್ತಿಲ್ಲ ಅನ್ನುವುದಕ್ಕೂ ನಿಮಗೆ ಸಂಬಳ ಕೊಡುತ್ತಾರಾ?

ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳಾದರೂ ಇಷ್ಟು ತಿಳಿಯುತ್ತದೆ. ಕಳ್ಳ ಮನೆಯೊಳಗೇ ಕೂತಿದ್ದರೆ ಬಾಗಿಲಲ್ಲಿ ಕಾವಲುಗಾರನೇಕೆ? ಅವತ್ತೇ ಮಾತ್ರೆ ನಿಲ್ಲಿಸಿದೆ. ವಾರದ ಮೇಲೆ ಬಾಯಿ ತಪ್ಪಿ ನಿನಗೆ ಹೇಳಿದ್ದೇ ತಪ್ಪಾಯಿತು. “ನೀನು ನುಂಗೋವರೆಗೂ ನಾನು ಫೋನ್ ಎತ್ತಲ್ಲ” ಅಂದವಳು ನಿಜವಾಗಿಯೂ ಎತ್ತಲಿಲ್ಲ. ಈ ಹಟ ಯಾರಿಂದ ಬಂತೋ!

ನಾಲ್ಕನೇ ತಾರೀಕು ಕ್ಲಿನಿಕ್ಕಿಗೆ ಹೋಗಿದ್ದೆ. ನರ್ಸು ಮೂರು ಸಲ ತೋಳಿಗೆ ಪಟ್ಟಿ ಸುತ್ತಿ ನೋಡಿ, “ದೋನ್ಯಾ ಎತೆಲ್ವಿನಾ, ಯೆರ್ಬಾ ಕಷಾಯಕ್ಕೂ ಉಪ್ಪು ಹಾಕ್ಕೊಂಡು ಕುಡೀತೀರಾ?” ಅಂದಳು. ಒತ್ತಡ ಇನ್ನೂರ ಹತ್ತು ಇತ್ತಂತೆ. ಹೊರಗೆ ಬಂದಾಗ ಮೆಟ್ಟಿಲ ಮೇಲೆ ಕಣ್ಣು ಕತ್ತಲೆಯಾಗಿ ಅಲ್ಲೇ ಕೂತೆ. ಅರ್ಧ ಗಂಟೆ ಏಳಲಾಗಲಿಲ್ಲ. ಕೂತಲ್ಲೇ ಒಂದಿಷ್ಟು ಯೋಚಿಸಿದೆ. ಏನೆಂದು ಕೇಳಬೇಡ.

ನಿನ್ನ ಕಣ್ಣು ಚುರುಕಾಗಿರಲಿ, ಹೊಟ್ಟೆ ತುಂಬಿರಲಿ, ಕೈಯಲ್ಲಿನ ಗಾಜಿನ ನಳಿಕೆ ಒಡೆಯದಿರಲಿ. ನಿನ್ನಮ್ಮನಿಗೆ ನನ್ನ ಮುತ್ತು ಕೊಡು. ನಿನಗೆ ಈಗ ಇಲ್ಲ.

ನಿನ್ನ ಅಜ್ಜಿ,
ಎತೆಲ್ವಿನಾ

ತಾ.ಕ.: ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಕಾಗದದ ಜೊತೆ ಪೆಟ್ಟಿಗೆಯಿದೆ. ಎಂಟು ಮೂತ್ರಪಿಂಡ, ಇವತ್ತು ಬೆಳಿಗ್ಗೆ ಕೊಯ್ದದ್ದು. ಕೆಳಗೆ ಮಂಜುಗಡ್ಡೆ, ಅದರ ಮೇಲೆ ದಪ್ಪ ಬಟ್ಟೆ, ಬಟ್ಟೆಯ ಮೇಲೆ ಪಿಂಡ. ಹೆಪ್ಪುಗಟ್ಟಿಲ್ಲ, ನೀನು ಹೇಳಿದ ಹಾಗೆಯೇ ಇಟ್ಟಿದ್ದೇನೆ. ಪಕ್ಕದಲ್ಲಿ ಮಾತ್ರೆಯ ಪಟ್ಟಿಯಿದೆ, ಹತ್ತು ಗುಳಿಯೂ ಖಾಲಿ. ನಾಯಿಗೆ ಹಾಕಿಲ್ಲ, ನಾನೇ ನುಂಗಿದ್ದೇನೆ. ಹೊರಬಾಗಿಲು ನಾನು ಕಾಯುತ್ತೇನೆ, ಒಳಗಿರುವವನನ್ನು ನೀನು ಹಿಡಿ. ಬೇಗ ಹಿಡಿ ಮಗಳೇ, ನನಗೆ ಎಪ್ಪತ್ತೆಂಟಾಯಿತು.